ಗುತ್ಯಮ್ಮನ ಮೂಗು

ಕೆರಿಯಪ್ಪ ಸಾಂಬಾರಿನ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೊರಟಾಗ ನಿಂಗಪ್ಪ ಬಾಗಿಲಿಗೆ ಅಡ್ಡ ನಿಂತ.

"ತಡಿಯಾ, ಚೆನ್ನಾಗೇ ಇರಬೌದು. ಗುತ್ಯಮ್ಮಂಗೆ ಒಂದ್ಸಲ ತೋರ್ಸಿ..."

ಹೆಂಡತಿ ಗುತ್ಯಮ್ಮನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ಎದೆನೋವು ಅಂದವಳು ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತನ್ನೂ ಕೊಟ್ಟಿರಲಿಲ್ಲ.

"ಸಾವಾದ ಮನೇಲಿ ಬೇಯ್ಸಿದ್ದು ಇಟ್ಕಳಂಗಿಲ್ಲ ಮಾರಾಯಾ," ಎಂದು ಪಕ್ಕದ ಮನೆಯ ಕೆರಿಯಪ್ಪ ಪಾತ್ರೆ ಬರಿದು ಮಾಡಿದ.

ಸಾಗರದಿಂದ ಬಂದ ಮಗಳು ಸುಚಿತ್ರಾ ಅತ್ತು ಸುಧಾರಿಸಿಕೊಂಡು ಅಪ್ಪನ ಹತ್ತಿರ ಕೂತಳು.

"ಇನ್ನು ನೀನೊಬ್ನೇ ಹೋಟ್ಲು ಹೆಂಗೆ ನಡ್ಸ್ತೀಯಾ? ನಮ್ಮನೆಗೆ ಬಂದ್ಬಿಡು ಅಪ್ಪ."

"ಅಡುಗೆ ಮಾಡೋನು ನಾನಲ್ವಾ? ನಡಿಯತ್ತೆ ಬಿಡು."

ಜೋರಾಗಿಯೇ ಹೇಳಿದ. ಹೋಟೆಲ್ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

\*

ಹೋಟೆಲ್ ಇದ್ದದ್ದು ಹೊಸನಗರ ಬಸ್ ನಿಲ್ದಾಣದ ಎದುರು. ಕೊರೊನಾ ಹೋಗುವಾಗ ನಿಂಗಪ್ಪನ ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಒಯ್ದಿತ್ತು. ಊರವರಿಗೆಲ್ಲ ವಾಪಸ್ ಬಂದ ರುಚಿ ಇವನಿಗೆ ಮಾತ್ರ ಬರಲೇ ಇಲ್ಲ.

"ಯಾರಿಗೂ ಹೇಳ್ಬೇಡಿ," ಎಂದಿದ್ದಳು ಗುತ್ಯಮ್ಮ. "ಮೂಗಿಲ್ಲದ ಭಟ್ಟನ ಕೈಲಿ ಯಾರು ಉಣ್ತಾರೆ? ನಂದೊಂದು ಐತಲ್ಲ."

ಅಂದಿನಿಂದ ಪ್ರತಿ ಪಾತ್ರೆಯ ಮುಚ್ಚಳ ತೆಗೆದು ಮೂಸುವುದು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕುವುದು ಅವಳ ಕೆಲಸವಾಯಿತು. ಸಂಶಯ ಬಂದರೆ ಮುಲಾಜಿಲ್ಲ, ಚರಂಡಿಗೆ.

"ಮಜ್ಜಿಗೆ ಹುಳಿಯಾದ್ರೆ ಕುಡೀಬೌದು. ಕಾಯಿ ಹಾಕಿದ್ದು ಹುಳಿಯಾದ್ರೆ ಮುಗೀತು."

"ಇಷ್ಟಕ್ಕೆಲ್ಲ ಚೆಲ್ತಾರೇನೇ?"

"ತಿಂದೋರು ಹುಲಿಕಲ್ ಘಾಟಿ ಇಳೀಬೇಕು. ಹೊಟ್ಟೆ ಕೆಟ್ರೆ ಬಸ್ಸು ಎಲ್ಲಿ ನಿಲ್ಸ್ತಾರೆ?"

ನಿಂಗಪ್ಪ ನಗುತ್ತ ಬೇರೆ ಪಾತ್ರೆ ಒಲೆಗೇರಿಸುತ್ತಿದ್ದ. ಹೋಟೆಲಿನ ಒಳ್ಳೆಯ ಹೆಸರೆಲ್ಲ ಅವನಿಗೇ ಬಂತು.

\*

ಸೌದೆ ಬರುವುದು ತಡವಾಗಿ, ದಹನ ಮುಗಿಸಿ ಸ್ನಾನ ಮಾಡುವಷ್ಟರಲ್ಲಿ ಸಂಜೆಯಾಗಿತ್ತು. ಕೆರಿಯಪ್ಪನ ಹೆಂಡತಿ ತುಂಗಮ್ಮ ಗಂಜಿ, ಚಟ್ನಿ ತಂದು ಬಡಿಸಿದಳು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಮೊದಲ ತುತ್ತಿಗೇ ಕೆರಿಯಪ್ಪ ಎದ್ದು ಅಂಗಳಕ್ಕೆ ಉಗಿದ. ಸುಚಿತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ, ಚಟ್ನಿ ಹಳಸೋಗೈತೆ! ಬೆಳಿಗ್ಗೇನೇ ರುಬ್ಬಿದ್ದು, ಸೆಖೆಗೆ ಕೆಟ್ಟೋಯ್ತು," ಎಂದು ತುಂಗಮ್ಮ ಒದ್ದಾಡಿದಳು.

ನಿಂಗಪ್ಪ ತಟ್ಟೆಯಲ್ಲಿದ್ದ ಚಟ್ನಿಯನ್ನೆಲ್ಲ ಬಳಿದು ತಿಂದಾಗಿತ್ತು. ಎಲ್ಲರೂ ಅವನನ್ನೇ ನೋಡಿದರು.

"ಅಪ್ಪಾ, ನಿಂಗೆ ಗೊತ್ತಾಗ್ಲಿಲ್ವಾ?"

"ಹೆಂಡ್ತಿ ಹೋದ ದುಃಖದಲ್ಲಿ ರುಚಿ ಎಲ್ಲಿ ತಿಳಿಯತ್ತೆ ಬಿಡಮ್ಮ," ಎಂದ ಕೆರಿಯಪ್ಪ.

ಹೌದು ಅಂದುಬಿಟ್ಟಿದ್ದರೆ ಸಾಕಿತ್ತು. ಸೂತಕ ಕಳೆದ ಮೇಲೆ ಹೋಟೆಲ್ ತೆರೆಯಬಹುದಿತ್ತು. ನಿಂಗಪ್ಪ ಬಾಯಲ್ಲಿದ್ದದ್ದನ್ನು ನುಂಗಿ ಮಗಳ ಕಡೆ ತಿರುಗಿದ.

"ಕೊರೊನಾ ಆದಾಗಿಂದ ಗೊತ್ತಾಗಲ್ಲ. ನಿಮ್ಮಮ್ಮ ನೋಡಿ ಹೇಳೋಳು."

ಎಡಗೈಯಿಂದ ಉಡಿದಾರ ತಡಕಿ ಹೋಟೆಲಿನ ಬೀಗದ ಕೈ ಬಿಚ್ಚಿದ. ಅದನ್ನು ಮಗಳ ತಟ್ಟೆಯ ಪಕ್ಕಕ್ಕಿಟ್ಟು, ಎಂಜಲು ಕೈಯನ್ನು ಹಾಗೇ ಒಣಗಲು ಬಿಟ್ಟು ಕೂತ.