ಯಾರೂ ಕೂಗದ ಕೇಬಲ್

ಜಿಂಜಾ ಪಟ್ಟಣದ ಸಾಬೂನು ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳುವ ಕಿಕೊಂಚೊಗೆ ಚೀಟಿ ಅಂಟಿಸದ ಕೇಬಲ್ ಕಂಡರೆ ಮೈಯೆಲ್ಲ ಉರಿ. ಹಿಂದಿದ್ದವರು ಎಳೆದು, ಅದು ಎಲ್ಲಿಗೆ ಹೋಗುತ್ತದೆಂದು ಬರೆಯದೆ ಕೈತೊಳೆದುಕೊಂಡಿರುತ್ತಾರೆ. ಅಂಥದ್ದಕ್ಕೆ ಈ ಕಸುಬಿನವರ ಬಳಿ ಸುಲಭದ ಉಪಾಯವಿದೆ: ಕಿತ್ತುಬಿಡುವುದು, ಕಿವಿಗೊಟ್ಟು ಕೂರುವುದು. ಯಾರು ಕೂಗುತ್ತಾರೋ ಕೇಬಲ್ ಅವರದು. ವಾರ ಕಳೆದರೂ ಯಾರೂ ಕೂಗದಿದ್ದರೆ ಯಾರದೂ ಅಲ್ಲ. ಕೂಗಲು ಬಾರದವರೂ ಲೋಕದಲ್ಲಿದ್ದಾರೆಂಬುದು ಈ ಜಾಣರಿಗೆ ಹೊಳೆಯುವುದಿಲ್ಲ.

ಆ ಸೋಮವಾರ ಅವಳು ಕಿತ್ತ ನೀಲಿ ಕೇಬಲ್ ಹಳೆಯ ಉಗ್ರಾಣದ್ದು. ಅಲ್ಲಿ ಓಜಾರಾ ಎಂಬ ಮುದುಕ ತುಕ್ಕು ಹಿಡಿದ ಬಿಡಿಭಾಗಗಳನ್ನು ಕಾಯುತ್ತಿದ್ದ. ಉಗ್ರಾಣದ ಕೆಲಸವೆಲ್ಲ ಹೊಸ ಕಟ್ಟಡಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅವನ ಬಳಿ ಒಂದು ಕಂಪ್ಯೂಟರ್ ಇದೆಯೆಂಬುದೇ ಯಾರಿಗೂ ನೆನಪಿರಲಿಲ್ಲ. ಊಟದ ಗಂಟೆ ಹೊಡೆದೊಡನೆ ಅವನು ಪೋಶೋ ಮುದ್ದೆ, ಕಾಳಿನ ಸಾರಿನ ತಟ್ಟೆ ಹಿಡಿದು ಅದರ ಮುಂದೆ ಕೂರುತ್ತಿದ್ದ. ದೂರದ ಕಿಟ್ಗುಮ್‌ನಲ್ಲಿ, ಲಕ್ವ ಹೊಡೆದು ಮಾತು ನಿಂತ ಹೆಂಡತಿ ಲಾಮುನುವಿನ ಎದುರು ಸೊಸೆ ವಿಡಿಯೊ ಕರೆಯ ಫೋನು ಹಿಡಿಯುತ್ತಿದ್ದಳು. ಅವನು ಒಂದು ತುತ್ತು ತಿಂದರೆ ಲಾಮುನುವೂ ಒಂದು ತುತ್ತು ತಿನ್ನುತ್ತಿದ್ದಳು. ಅವನ ಮುಖ ಕಾಣದೆ ಬಾಯಿ ತೆರೆಯುತ್ತಿರಲಿಲ್ಲ. ಓಜಾರಾನ ಜೇಬಿನ ಗುಂಡಿ ಫೋನಿನಲ್ಲಿ ಮುಖ ಕಾಣುತ್ತಿರಲಿಲ್ಲ.

ಬುಧವಾರ ಅವನು ಟೋಪಿ ಕೈಯಲ್ಲಿ ಹಿಡಿದು ಕಿಕೊಂಚೊಳ ಬಾಗಿಲಿಗೆ ಬಂದ.

"ಬೆಳಗು ಹೇಗಾಯ್ತು, ಮಗಳೇ?"

"ಚೆನ್ನಾಗಾಯ್ತು ಯಜಮಾನ್ರೇ. ನಿಮ್ದು?"

"ಚೆನ್ನಾಗೇ ಆಯ್ತು. ಕೆಲ್ಸ ಹೆಂಗಿದೆ?"

"ನಡೀತಿದೆ. ನಿಮ್ಮ..."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪ್ಯಾಕಿಂಗ್ ವಿಭಾಗದವರು ಪ್ರಿಂಟರ್ ನಿಂತಿದೆಯೆಂದು ಬೊಬ್ಬೆ ಹಾಕುತ್ತಿದ್ದರು. ಅವಳು ಮುದುಕನಿಗೆ ಕೈ ಎತ್ತಿ ತೋರಿಸಿ ಓಡಿದಳು. ಕುಶಲ ಕೇಳಿ ಮುಗಿಯದೆ ಬಂದ ವಿಷಯ ತೆಗೆಯುವವರು ಆ ಸೀಮೆಯಲ್ಲಿ ಯಾರೂ ಇಲ್ಲ, ಮನೆಗೆ ಬೆಂಕಿ ಬಿದ್ದಿದ್ದರೂ. ಉಳಿದದ್ದು ಕೊನೆಯ ಒಂದೇ ಪ್ರಶ್ನೆ: ಮನೆ ಹೇಗಿದೆ? ಓಜಾರಾ ಸ್ವಲ್ಪ ಹೊತ್ತು ನಿಂತಿದ್ದು ಹೋದ.

"ಯಜಮಾನ್ರು ಬೆಳಗು ಹೇಗಾಯ್ತು ಅನ್ನಕ್ಕೇ ಅಷ್ಟು ದೂರ ನಡ್ಕೊಂಡು ಬಂದಿದ್ರಾ?" ಎಂದು ಅವಳ ಕೈಕೆಳಗಿನ ವಾಬ್ವಿರೆ ನಕ್ಕ. ಅವಳೂ ನಕ್ಕಳು.

ಮುಂದಿನ ಸೋಮವಾರದವರೆಗೆ ಯಾರೂ ಕೂಗಲಿಲ್ಲ. ಕಿಕೊಂಚೊ ನೀಲಿ ಕೇಬಲನ್ನು ಸುತ್ತಿ ಪೆಟ್ಟಿಗೆಗೆ ಹಾಕಿದಳು. ಗುರುವಾರ ಓಜಾರಾನ ಹೆಂಡತಿ ತೀರಿಕೊಂಡಳೆಂದು, ಅವನು ಊರಿಗೆ ಹೋದನೆಂದು ಸುದ್ದಿ ಬಂತು. ಉಳಿದದ್ದನ್ನು ವಾಬ್ವಿರೆ ಕ್ಯಾಂಟೀನಿನಲ್ಲಿ ಕೇಳಿಕೊಂಡು ಬಂದ. ಈ ಸಲ ಅವನು ನಗುತ್ತಿರಲಿಲ್ಲ.

"ಹತ್ತು ದಿನ ಬಾಯಿಗೆ ಏನೂ ಹಾಕ್ಕೊಳ್ಳಿಲ್ವಂತೆ ಅಕ್ಕಾ. ಮಧ್ಯಾಹ್ನ ಆದ್ರೆ ಫೋನನ್ನೇ ನೋಡ್ತಿದ್ಲಂತೆ. ಆ ನೀಲಿದು..."

ಕಿಕೊಂಚೊ ಪೆಟ್ಟಿಗೆ ತೆರೆದು ಕೇಬಲನ್ನು ಮಡಿಲಲ್ಲಿಟ್ಟುಕೊಂಡು ಮಗುವಿನಂತೆ ಅತ್ತಳು. ಅದೇ ದಿನ ಉಗ್ರಾಣದವರೆಗೂ ಅದನ್ನು ಮತ್ತೆ ಎಳೆದು, ಓಜಾರಾನ ಹೆಸರು ಬರೆದ ಚೀಟಿ ಅಂಟಿಸಿದಳು. ಯಾರಿಗೆ ಬೇಕಿತ್ತು ಅದು ಇನ್ನು?

ಮೂರು ವಾರ ಕಳೆದು ಅವನು ಕೆಲಸಕ್ಕೆ ಬಂದಾಗ ಅವಳೇ ಉಗ್ರಾಣಕ್ಕೆ ಹೋದಳು. ಅವನು ಸ್ಟೂಲು ಒರೆಸಿ ಕೊಟ್ಟ.

"ನನ್ನ ಬೈದುಬಿಡಿ ಯಜಮಾನ್ರೇ. ಕಿತ್ತೋಳು ನಾನೇ. ಒಂದ್ಸಲ ಯಾಕೆ ಕೂಗ್ಲಿಲ್ಲ ನೀವು?"

"ಕಂಪನಿ ತಂತಿಲಿ ಹೆಂಡ್ತಿ ಜತೆ ಉಂಡೋನು ನಾನು. ಯಾವ ಬಾಯಲ್ಲಿ ಕೂಗ್ಲಿ, ಮಗಳೇ? ಗೊತ್ತಾಗೇ ಕಿತ್ರು ಅಂದ್ಕೊಂಡೆ. ತಪ್ಪಾಯ್ತು, ಇನ್ನೊಂದು ತಿಂಗ್ಳು ಬಿಡಿ ಅಂತ ಕೇಳಕ್ಕೇ ಅವತ್ತು ಬಂದಿದ್ದೆ."

ಅವನೇ ಸಾವರಿಸಿಕೊಂಡು ಮಾತು ತಿರುಗಿಸಿದ.

"ನೋಡು, ಕುಶಲ ಕೇಳೋದನ್ನೇ ಮರೆತ್ವಿ. ಬೆಳಗು ಹೇಗಾಯ್ತು?"

ಕಿಕೊಂಚೊ ಫೋನನ್ನು ಆಫ್ ಮಾಡಿ ಚೀಲಕ್ಕೆ ಹಾಕಿದಳು. ಒಂದೊಂದಕ್ಕೂ ಉತ್ತರ ಕೊಟ್ಟಳು, ಒಂದೊಂದನ್ನೂ ತಿರುಗಿ ಕೇಳಿದಳು. ಕೊನೆಯದು ಉಳಿಯಿತು. ಅದನ್ನು ಕೇಳದೆ ಮುಗಿಯುವಂತಿರಲಿಲ್ಲ, ಮುದುಕ ಕಾಯುತ್ತಿದ್ದ.

"ಮನೆ... ಹೇಗಿದೆ ಯಜಮಾನ್ರೇ?"

"ಚೆನ್ನಾಗಿದೆ ಮಗಳೇ," ಎಂದ ಓಜಾರಾ, ರೂಢಿಯಂತೆ.

ಹೊರಗೆ ಊಟದ ಗಂಟೆ ಹೊಡೆಯಿತು. ಅವನು ಏಳಲಿಲ್ಲ.