ಕನ್ನಡದಲ್ಲಿ ಬರೆದ ಎಚ್ಚರಿಕೆ

ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ರೇಣು ಮತ್ತು ದಿಗಂಬರ ಸೇರಿ ನಡೆಸುತ್ತಿದ್ದ ಗ್ರಾಫಿಕ್ ಡಿಸೈನ್ ಸ್ಟುಡಿಯೋದ ಹೆಸರು 'ನಕಾರ'. ಕಾಲೇಜು ಮುಗಿಸಿದ ಹೊಸದರಲ್ಲಿ, ಗುಡಿಸಲು ಕಳೆದುಕೊಂಡವರ ಮೆರವಣಿಗೆಗೆ ಇಬ್ಬರೂ ಪೋಸ್ಟರ್ ಮಾಡಿಕೊಟ್ಟಿದ್ದರು. ಕಪ್ಪು ನೆಲ, ಕೆಂಪು ಅಕ್ಷರ, ಮರದಲ್ಲಿ ಕೆತ್ತಿ ಒತ್ತಿದಂಥ ಒರಟು ಗೆರೆ. ಅವು ಊರಿಗೆಲ್ಲ ಹಬ್ಬಿ, ಪತ್ರಿಕೆಗಳು ಇವರನ್ನು ಬಂಡುಕೋರರೆಂದು ಹೊಗಳಿದವು. ಆಮೇಲೆ ಕಂಪನಿಗಳು ಬಂದವು. ಶೂ ಮಾರಲು, ಕಾಫಿ ಮಾರಲು ಅವರಿಗೂ ಅದೇ ಗೆರೆ ಬೇಕಾಗಿತ್ತು. ಮೊದಮೊದಲು ಇಬ್ಬರೂ ಒಲ್ಲೆವೆಂದರು, ನಿಧಾನಕ್ಕೆ ಒಪ್ಪಿಕೊಂಡರು. ಮೆರವಣಿಗೆಯ ಪೋಸ್ಟರುಗಳಿಗೆ ಕಾಗದ ಬರುವುದೂ ಈ ಕೆಲಸದಿಂದಲೇ ಎಂಬ ಸಮಾಧಾನವಿತ್ತು. ಅದು ಸುಳ್ಳೇನೂ ಆಗಿರಲಿಲ್ಲ.

ಊರ ಹೊರಗಿನ ರಾಂಜಣಗಾಂವದ ರಬ್ಬರ್ ಶೀಟಿನ ಕಾರ್ಖಾನೆಯೊಂದು ಸುರಕ್ಷತೆಯ ಪೋಸ್ಟರ್ ಕೇಳಿತು. "ನಮ್ಮ ಬೋರ್ಡು ಕೆಲಸಗಾರರು ಓದೋದೇ ಇಲ್ಲ. ನೀವು ಮಾಡಿದ್ರ ಅವರದೇ ದನಿ ಅನ್ನಿಸ್ತದ," ಎಂದು ಅಲ್ಲಿಯ ಅಧಿಕಾರಿ ಹರಿಶ್ಚಂದ್ರ ಮರಾಠಿಯಲ್ಲಿ ಹೇಳಿದ. ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಯಾದಗಿರಿ, ಕಲಬುರಗಿ ಕಡೆಯವರೆಂದು ತಿಳಿದಾಗ ಕನ್ನಡವೂ ಇರಲಿ ಎಂದವಳು ರೇಣು. ಅವಳ ಅಪ್ಪ ವಿಜಯಪುರದಿಂದ ಗುಮಾಸ್ತರಾಗಿ ಪುಣೆಗೆ ಬಂದವರು. ಕನ್ನಡ ಅವಳಿಗೆ ಮನೆಯೊಳಗಿನ ಮಾತು. ಅಚ್ಚಿಗೆಂದು ಆ ಅಕ್ಷರಗಳನ್ನು ಅವಳು ಎಂದೂ ಬರೆದಿರಲಿಲ್ಲ.

ಕೈಗಳ ಚಿತ್ರ ಬರೆದುಕೊಳ್ಳಲು ಕಾರ್ಖಾನೆಗೆ ಹೋದಾಗ ಅವ್ವಣ್ಣ ಸಿಕ್ಕ. ಎರಡು ದಪ್ಪ ರೋಲರುಗಳ ನಡುವೆ ಬಿಸಿ ರಬ್ಬರ್ ತೂರಿಸುತ್ತಿದ್ದವನು, ಅವಳ ಕನ್ನಡ ಕೇಳಿ ಮುಖವರಳಿಸಿದ.

"ನಮ್ಮ ಕಡೀಯವರೇನ್ರಿ ಅಕ್ಕಾರ? ತಗೋರಿ, ಎಷ್ಟು ಬೇಕಷ್ಟು ಬರ್ಕೋರಿ," ಎಂದು ಊಟದ ಬಿಡುವಿನಲ್ಲಿ ಎರಡೂ ಅಂಗೈ ಚಾಚಿ ಕುಳಿತ.

"ಇಲ್ಲಿ ಮುಂದ ಕೈ ಸಿಗದಂಗ ಜಾಲರಿ ಇರಬೇಕಲ್ಲ?" ಎಂದು ರೇಣು ರೋಲರ್ ತೋರಿಸಿ ಕೇಳಿದಳು.

"ಇತ್ರಿ. ಅದಿದ್ರ ಕೆಲಸ ತಡಾ ಆಗ್ತದಂತ ತೆಗಸ್ಯಾರ."

ಹೊರಡುವಾಗ ಅವಳು ಹರಿಶ್ಚಂದ್ರನಿಗೆ ಜಾಲರಿಯ ಮಾತು ಹೇಳಿದಳು. ಹಾಕಿಸುತ್ತೇವೆ, ನೀವು ಪೋಸ್ಟರ್ ನೋಡಿಕೊಳ್ಳಿ ಎಂದ. ಹದಿನೈದು ದಿನದಲ್ಲಿ ಪೋಸ್ಟರ್ ಗೋಡೆಯೇರಿತು. ಕಪ್ಪು ನೆಲದ ಮೇಲೆ ಎತ್ತಿದ ಅವ್ವಣ್ಣನ ಎರಡು ಕೈ. ದಿಗಂಬರ ಮರಾಠಿಯಲ್ಲಿ ಹೊಸೆದ ಸಾಲನ್ನು ರೇಣು ಕನ್ನಡಕ್ಕೆ ತಂದಿದ್ದಳು: ಕೈ ನಿನ್ನದು, ಹೊಣೆಯೂ ನಿನ್ನದು.

ಮಳೆಗಾಲ ಮುಗಿಯುವ ಹೊತ್ತಿಗೆ ಹರಿಶ್ಚಂದ್ರ ಫೋನ್ ಮಾಡಿದ. ಕನ್ನಡದ ಪೋಸ್ಟರ್ ಯಾವ ತಿಂಗಳಲ್ಲಿ ಮಾಡಿಕೊಟ್ಟಿರೆಂದು ನಿಮ್ಮ ಕಡೆಯಿಂದ ಒಂದು ಪತ್ರ ಬೇಕಾಗಿದೆ ಎಂದ. ಯಾಕೆಂದು ರೇಣು ಕೇಳಿದಳು. ಅವನು, ರೋಲರಿನಲ್ಲಿ ಒಬ್ಬ ಸಿಕ್ಕಿ ತೀರಿಹೋದ, ಹೆಸರು ಅವ್ವಣ್ಣ ಎಂದ. ಅವಳು ಫೋನ್ ಕೆಳಗಿಟ್ಟಳು.

ದಿಗಂಬರನ ತಾಯಿ ಸೊಲ್ಲಾಪುರದ ಕನ್ನಡದವಳು. ಸ್ಟುಡಿಯೋದಲ್ಲಿ ಇಬ್ಬರೇ ಇದ್ದಾಗ ಅವನು ಕನ್ನಡದಲ್ಲೇ ಮಾತಾಡುತ್ತಿದ್ದ. ಸುದ್ದಿ ಕೇಳಿ ಅವನೂ ಅತ್ತ. ಸಂಜೆಯ ಹೊತ್ತಿಗೆ ಕಣ್ಣೊರೆಸಿಕೊಂಡು ಕಾಗದ ಎಳೆದುಕೊಂಡ.

"ಈ ಕಂಪನಿ ಕೆಲಸ ಇವತ್ತೇ ಬಿಡೂಣು ರೇಣು. ಅವನ ಕೈಯ ಚಿತ್ರ ಕೊಡು. ಮೇಲೆ 'ಕೊಂದವರು ಯಾರು' ಅಂತ ಹಾಕೂಣು. ಇಡೀ ಪುಣೆ ನೋಡ್ತದ."

"ಅವೇ ಕೈ ಏನು?"

"ಅದಕ್ಕಿಂತ ಗಟ್ಟಿ ಚಿತ್ರ ಬ್ಯಾರೆ ಎಲ್ಲಿ ಸಿಗ್ತದ?"

ಅವನ ಸಿಟ್ಟು ನಿಜವಾಗಿತ್ತು. ಆದರೆ ಅವನ ಬೆರಳು ಆಗಲೇ ಅಕ್ಷರಗಳ ಜಾಗ ಗುರುತು ಹಾಕುತ್ತಿತ್ತು. ಅದನ್ನು ನೋಡಿ ರೇಣು ತನ್ನ ಚಿತ್ರದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. "ಆ ಚಿತ್ರ ನಾ ಕೊಡೂದಿಲ್ಲ," ಎಂದಳು. ಅವನು ಕಾರ್ಖಾನೆಯ ಹಳೆಯ ಪೋಸ್ಟರಿನಿಂದಲೇ ಕೈಗಳನ್ನು ತೆಗೆದುಕೊಂಡ. ಹೊಸ ಪೋಸ್ಟರ್ ನಿಜಕ್ಕೂ ಊರೆಲ್ಲ ಓಡಾಡಿತು. ಆ ಕಾರ್ಖಾನೆ ಇವರ ಕೈಬಿಟ್ಟಿತು. ಬೇರೆ ಕಂಪನಿಗಳು ನಕಾರವನ್ನು ಹುಡುಕಿಕೊಂಡು ಬಂದವು. ಆ ಹೊತ್ತಿಗೆ ರೇಣು ಸ್ಟುಡಿಯೋ ಬಿಟ್ಟಿದ್ದಳು.

ಅವಳು ಅವ್ವಣ್ಣನ ಹೆಂಡತಿ ಮಾನಮ್ಮನನ್ನು ಹುಡುಕಿಕೊಂಡು ರಾಂಜಣಗಾಂವದ ತಗಡಿನ ವಠಾರಕ್ಕೆ ಹೋದಳು. ಪೋಸ್ಟರ್ ಬರೆದವಳು ತಾನೇ ಎಂದು ಹೊಸ್ತಿಲಲ್ಲೇ ಹೇಳಿದಳು. ಮಾನಮ್ಮನಿಗೆ ಓದು ಬರುತ್ತಿರಲಿಲ್ಲ.

"ಏನಂತ ಬರ್ದೀರಿ ಅದ್ರಾಗ?"

ರೇಣು ಹೇಳಿದಳು. ಮಾನಮ್ಮ ಆ ಮಾತನ್ನು ತುಟಿಯಲ್ಲೇ ಇನ್ನೊಮ್ಮೆ ಅಂದುಕೊಂಡಳು. ಬೈಯಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ. "ಕಂಪನಿಯವರು ವಿಚಾರಣಿಗಿ ಶಿವಾಜಿನಗರಕ್ಕ ಕರ್ದಾರ. ಅವರ ಮರಾಠಿ ನನಗ ತಿಳಿಯಂಗಿಲ್ಲ. ಬರ್ತೀರೇನು?" ಎಂದಳು.

ಕಂಪನಿ ನೇಮಿಸಿದ ವಿಚಾರಣಾ ಸಮಿತಿ ಶಿವಾಜಿನಗರದ ವಕೀಲರೊಬ್ಬರ ಕಚೇರಿಯಲ್ಲಿ ಕೂರುತ್ತಿತ್ತು. ರೇಣು ಪ್ರತಿ ಸಲವೂ ಹೋದಳು. ಜಾಲರಿ ಇಲ್ಲದ್ದನ್ನು ಕಣ್ಣಾರೆ ಕಂಡೆ, ಅಧಿಕಾರಿಗೆ ಬಾಯಾರೆ ಹೇಳಿದೆ ಎಂದು ಸಾಕ್ಷಿ ನುಡಿದಳು. ಹರಿಶ್ಚಂದ್ರ ನೆಲ ನೋಡುತ್ತ, ಹಾಗೆ ಹೇಳಿದ ನೆನಪಿಲ್ಲ ಎಂದ.

ಕೊನೆಯ ದಿನ ವಕೀಲರು ತೀರ್ಮಾನ ಓದಿದರು. ಮಾನಮ್ಮ ಮಗಳು ದುರ್ಗಾಳನ್ನು ಮಡಿಲಲ್ಲಿ ಕೂರಿಸಿಕೊಂಡು ರೇಣುವಿನ ಬಾಯನ್ನೇ ನೋಡುತ್ತಿದ್ದಳು.

"ಏನಂದ್ರು?"

ಮಾತನ್ನು ಮೆತ್ತಗೆ ಮಾಡಿ ಹೇಳಬಹುದಿತ್ತು. ರೇಣು ಇದ್ದದ್ದನ್ನೇ ಹೇಳಿದಳು. "ಜಾಲರಿ ಇಲ್ಲದ್ದು ಕಂಪನಿ ತಪ್ಪಂತ. ಆದ್ರ ಅವ್ವಣ್ಣಂದೂ ತಪ್ಪು ಅದ ಅಂತ. ಎಚ್ಚರಿಕಿ ಅವನ ಭಾಷಾದಾಗೇ ಇತ್ತು, ಓದಬೇಕಿತ್ತು ಅಂತ ಹೇಳ್ಯಾರ."

ಮಾನಮ್ಮ ಮಗಳ ತಲೆ ಸವರಿದಳು.

"ಓದಿದ್ದನ್ರಿ ಅಕ್ಕಾರ," ಎಂದಳು. "ಓದ್ಲಾರದೇನು. ಫ್ಯಾಕ್ಟರಿದಾಗ ನಮ್ಮ ಮಾತು ಹಾಕ್ಯಾರ ಅಂತ ಭಾಳ ಖುಷಿಲೆ ಬಂದಿದ್ದ. ಅವತ್ತ ಈಕಿಗಿ ಹೊಸ ಅಂಗಿ ತಂದ."

ವಕೀಲರು ಅವಳು ಏನು ಹೇಳಿದಳೆಂದು ಮರಾಠಿಯಲ್ಲಿ ಕೇಳಿದರು. ರೇಣು ಅವರ ಕಡೆ ತಿರುಗಿದಳು. ಅವನು ಓದಿದ್ದ ಎಂಬುದನ್ನೂ ಹೊಸ ಅಂಗಿಯನ್ನೂ ಬಿಡದೆ ಮರಾಠಿಯಲ್ಲಿ ಹೇಳಿದಳು.