ಎಡಗಡೆಯ ಪೆಡಲು

ಆ ವಾರವೆಲ್ಲ ಆದೆಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಂತಲ್ಲಿ ಕೂಡಲಾಗಲಿಲ್ಲ. ರೊಟ್ಟಿ ಬಡಿಯಲು ಕೂತರೂ ಕಿವಿ ಮಾತ್ರ ಹಿತ್ತಲಿನ ಕೊಟ್ಟಿಗೆಯ ಕಡೆಗೇ. ಕೊಟ್ಟಿಗೆ ಅನ್ನುವುದು ಹೆಸರಿಗೆ. ಎತ್ತು ಮಾರಿ ಯಾವ ಕಾಲವಾಯಿತೋ. ಈಗ ಅಲ್ಲಿ ಗೋದಲಿಯ ತುಂಬ ಪಾನಾ, ಸುತ್ತಿಗೆ, ಗ್ರೀಸ್ ಡಬ್ಬಿ; ನಡುವೆ ಅವಳ ಗಂಡ ಪರಮಣ್ಣ ಹರಾಜಿನಲ್ಲಿ ತಂದ ಹಳೇ ಮಿಲಿಟರಿ ಜೀಪು. ಅವನು ಅದರ ಪಕ್ಕದಲ್ಲಿ ಕೂತು ಕಬ್ಬಿಣ ಕೊಯ್ಯುತ್ತಿದ್ದ. ಗರಗಸ ಒಂದೊಂದು ಸಲ ಎಳೆದಾಗಲೂ ಆದೆಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸುತ್ತಿದ್ದಳು. ಅವನು ಮಾಡುತ್ತಿದ್ದುದು ಕೈಯಿಂದ ಎಳೆಯುವ ಕ್ಲಚ್ಚು. ಅದು ಮುಗಿಯಿತೋ, ಜೀಪಿನಲ್ಲಿ ಆದೆಮ್ಮನಿಗೆ ಜಾಗವೇ ಇಲ್ಲ.

ಎಪ್ಪತ್ತೆಂಟನೇ ಇಸವಿಯ ಮಾತು. ಮಾನ್ವಿ ಸುತ್ತಮುತ್ತ ಯಾರ ಹೊಲದಲ್ಲಿ ಪಂಪಿನ ಎಂಜಿನ್ನು ಕೆಟ್ಟರೂ ಪರಮಣ್ಣನೇ ಬೇಕು. ಮಳೆ ಬಿದ್ದರೆ ಎರೆಹೊಲದ ದಾರಿಯಲ್ಲಿ ಬಂಡಿಗಳೇ ಹೂತುಹೋಗುತ್ತಿದ್ದವು. ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಹೋಗುವ ಈ ಜೀಪು ಮಾತ್ರ ಬಾವಿಯ ತನಕ ಮುಟ್ಟುತ್ತಿತ್ತು. ಹಾಗಂತ ಪುಣ್ಯಾತ್ಮ ಅದನ್ನು ಸುಮ್ಮನೆ ಬಿಟ್ಟನೇ? ಪೆಟ್ರೋಲು ತುಟ್ಟಿಯಾಯಿತೆಂದು ಡೀಸೆಲ್ ಎಂಜಿನ್ನು ಕೂಡಿಸಿದ. ಕೆಸರು ಸಿಡಿಯುತ್ತದೆಂದು ಮಡ್‌ಗಾರ್ಡು ಅಗಲ ಮಾಡಿದ. ಚೆನ್ನಾಗಿ ಓಡುವ ಗಾಡಿಯನ್ನು ಕಂಡರೆ ಅವನ ಕೈ ತುರಿಸುತ್ತಿತ್ತು.

ಹಿಂದಿನ ವರ್ಷ ಬಾಗಲವಾಡದ ಹೊಲದಲ್ಲಿ ಜಾಕು ಜಾರಿ ಜೀಪು ಅವನ ಎಡಗಾಲಿನ ಮೇಲೆ ಕೂತುಬಿಟ್ಟಿತು. ಮೊಳಕಾಲಿನ ಕೆಳಗೆ ಕಾಲು ಹೋಯಿತು, ಕಟ್ಟಿಗೆಯ ಕಾಲು ಬಂತು. ಕಟ್ಟಿಗೆಗೆ ಕ್ಲಚ್ಚಿನ ಅಂದಾಜು ಎಲ್ಲಿಂದ ಸಿಗಬೇಕು? ಬಿಟ್ಟೊಡನೆ ಜೀಪು ಜಿಗಿದು ಬಂದ್ ಬೀಳುತ್ತಿತ್ತು. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಕಂಡಕಂಡವರ ಮೇಲೆ ಹರಿಹಾಯ್ದ. ಕೊನೆಗೊಂದು ದಿನ ಕ್ಲಚ್ಚಿಗೆ ಅಡ್ಡಡ್ಡ ಒಂದು ರಾಡು ಬೆಸೆದು, ಎಡಗಡೆಯ ಸೀಟಿನ ಮುಂದೆ ಇನ್ನೊಂದು ಪೆಡಲು ಕೂಡಿಸಿ ಹೆಂಡತಿಯನ್ನು ಕರೆದ.

“ಇಲ್ಲಿ ಕುಂದ್ರು. ನಾ ಒತ್ತು ಅಂದಾಗ ಒತ್ತು, ಬಿಡು ಅಂದಾಗ ಬಿಡು. ಸಾವಕಾಶ ಬಿಡಬೇಕು ಮತ್ತ.”

“ಯವ್ವಾ, ನನ್ನ ಕೈಲಾಗಂಗಿಲ್ರಿ!”

“ಕೈಲೆ ಯಾರು ಮಾಡಂದ್ರು? ಕಾಲಿಲೆ ಮಾಡು.”

ಮೊದಲ ದಿನ ಓಣಿ ದಾಟುವಷ್ಟರಲ್ಲಿ ಇಬ್ಬರಿಗೂ ಜಗಳವಾಗಿ, ಹಾದಿಯಲ್ಲಿದ್ದವರಿಗೆಲ್ಲ ತಮಾಷೆಯಾಯಿತು. ಆದರೆ ಆದೆಮ್ಮ ಕಲಿತಳು. ಸ್ವಲ್ಪ ದಿನಕ್ಕೆ ಎಂಜಿನ್ನಿನ ದನಿ ಕೇಳಿಯೇ ಒತ್ತುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಮನೆ, ಬಾವಿ, ಹೊಲ ಬಿಟ್ಟು ಬೇರೆ ಕಾಣದವಳು ದೇವದುರ್ಗದ ಸಂತೆ ಕಂಡಳು. ಸಾಮಾನು ತರಲು ಹೋದಾಗ ರಾಯಚೂರಿನ ಹೋಟೆಲಿನಲ್ಲಿ ಚಹಾ ಬಸಿಗೆ ಸುರುವಿಕೊಂಡು ಕುಡಿದಳು. ಅರಕೇರಾದಲ್ಲಿ ಅಕ್ಕನ ಮನೆಯ ಬಾಗಿಲಿಗೇ ಜೀಪು ತಂದು ನಿಲ್ಲಿಸಿದ ದಿನವಂತೂ ಅವಳ ಕಾಲು ನೆಲದ ಮೇಲಿರಲಿಲ್ಲ. ಮನೆಯಲ್ಲಿ ಹಾಂ, ಹೂಂ ಅನ್ನುವುದರಲ್ಲೇ ಮುಗಿಸುವ ಗಂಡ ದಾರಿಯಲ್ಲಿ ಬಾಯಿತುಂಬ ಮಾತಾಡುತ್ತಿದ್ದ. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ಇದನ್ನೆಲ್ಲ ಕೆಡಿಸಿದವನು ಅದೇ ಓಣಿಯ ಜಂಬಣ್ಣ. ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ, “ಏನ್ ಪರಮಣ್ಣ, ಹೆಂಡ್ತಿ ಕಾಲಿಲೆ ಗಾಡಿ ಹೊಡಿತಿಯಂತಲ್ಲಪಾ!” ಅಂದುಬಿಟ್ಟ. ಎಲ್ಲರೂ ಹೋ ಎಂದು ನಕ್ಕರು. ಜೀಪಿನಲ್ಲೇ ಕೂತಿದ್ದ ಆದೆಮ್ಮನಿಗೂ ಕೇಳಿಸಿತು. ಪರಮಣ್ಣ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದ. ಮರುದಿನವೇ ಗರಗಸ ಹಿಡಿದ.

ತಳಮಳ ತಡೆಯಲಾರದೆ ಆದೆಮ್ಮ ಪಕ್ಕದ ಮನೆಯ ಮುನವ್ವರ್ ಬೀ ಹತ್ತಿರ ಹೋದಳು. ಇವಳು ಊರೂರು ತಿರುಗುವಾಗ ಶಾಲೆಯಿಂದ ಬಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಆಕೆಯೇ.

“ಬೀ, ಇನ್ನ ನಾ ಮನ್ಯಾಗನ ನೋಡು.”

“ಛಲೋ ಆತಲ್ಲ ಬಿಡು. ಧೂಳ ತಿನ್ನೋದು ತಪ್ಪಿತು.”

“ಖರೇ ಹೇಳ್ಲೇನು? ನನಗ ಆ ಧೂಳು ಬೇಕು.”

ಮುನವ್ವರ್ ಬೀ ಅಕ್ಕಿ ಕೇರುತ್ತಿದ್ದ ಮೊರ ಕೆಳಗಿಟ್ಟು ಅವಳನ್ನೇ ನೋಡಿದಳು. “ನನಗ ಹೇಳಿದ್ರ ಏನ್ ಬಂತು? ಅವನಿಗೆ ಹೇಳು, ಹೋಗು.”

ಹೇಳಲಾಗಲಿಲ್ಲ. ಇವತ್ತು, ನಾಳೆ ಎನ್ನುವಷ್ಟರಲ್ಲಿ ದೇವದುರ್ಗದ ಸಂತೆಯ ದಿನ ಬಂತು. ಆದೆಮ್ಮ ಬೆಳಿಗ್ಗೆಯೇ ಜಳಕ ಮಾಡಿ, ಹಸಿರು ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು ಕೊಟ್ಟಿಗೆಗೆ ಬಂದಳು. ಪರಮಣ್ಣ ಎಡಗಡೆಯ ಪೆಡಲಿನ ಬೋಲ್ಟು ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಗುಜರಿಯ ಮೇಲೆ ಎಸೆದು ಕೈ ಒರೆಸಿಕೊಂಡ.

“ಇವತ್ತಿಂದ ನಿನಗ ತ್ರಾಸಿಲ್ಲ. ಮನ್ಯಾಗ ಆರಾಮ ಇರು.”

“ಆರಾಮ ಯಾರು ಕೇಳಿದ್ರು ನಿಮಗ?”

ಆ ದನಿ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಅವನು ತಲೆಯೆತ್ತಿದ.

“ಊರಾಗ ಏನಂತಾರ ಗೊತ್ತದಿಲ್ಲ? ಹೆಂಡ್ತಿ ಕಾಲಿಲೆ ಗಾಡಿ ಹೊಡಿತಾನ ಅಂತಾರ.”

“ಅನ್ಲಿ. ಇಷ್ಟು ವರ್ಷ ನೀವು ತಿರಗಾಡಿ ಬರೋತನಕ ನಾ ಹೊಸ್ತಿಲದಾಗ ಕುಂತೀನಿ. ನನ್ನ ನೋಡಿ ಯಾರರ ನಕ್ಕಾರೇನು? ನನಗ ಬರಬೇಕಂತ ಆಸಿ ಅದರಿ. ಒತ್ತಾಕ ಅಲ್ಲ, ಬರಾಕ.”

ಪರಮಣ್ಣ ಬಲಗಡೆಗೆ ಬಂದು ಹೊಸ ಕ್ಲಚ್ಚಿನ ಹಿಡಿಕೆಯನ್ನು ಸುಮ್ಮನೆ ಒಮ್ಮೆ ಎಳೆದ, ಒಮ್ಮೆ ಬಿಟ್ಟ. “ಕೆಲಸಿಲ್ಲದ ಹೆಂಗಸನ್ನ ಪಕ್ಕದಾಗ ಕುಂದ್ರಿಸಿಕೊಂಡು ತಿರಗಿದ್ರ ಮಂದಿ ಇನ್ನೂ ನಗ್ತಾರ.”

“ಕೆಲಸ ಬೇಕಲ್ಲ? ಆಕಡಿ ಸರೀರಿ ಹಂಗಾರ.”

ಆದೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗಡೆಯಿಂದ ಹತ್ತಿ ಡ್ರೈವರನ ಸೀಟಿನಲ್ಲಿ ಕೂತೇಬಿಟ್ಟಳು.

“ಏಯ್! ಹುಚ್ಚು ಹಿಡದದೇನು? ಇಳಿ ಕೆಳಗ!”

“ಇಳಿಯಂಗಿಲ್ಲ. ಕೈ ಕ್ಲಚ್ಚು, ಅಡ್ಡ ರಾಡು ಎಲ್ಲ ನಿಮಗ ಬೇಕು. ನನಗ ಎರಡೂ ಕಾಲು ಅದಾವ.”

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಪರಮಣ್ಣನ ಮುಖ ಸುಟ್ಟಂತಾಯಿತು. ಅಪಘಾತವಾದಂದಿನಿಂದ ಈ ಮನೆಯಲ್ಲಿ ಯಾರೂ ಆ ಕಾಲಿನ ಮಾತೆತ್ತಿರಲಿಲ್ಲ. ಅವನು ಕಟ್ಟಿಗೆಯ ಕಾಲನ್ನು ನೋಡಿಕೊಂಡ, ಅವಳನ್ನು ನೋಡಿದ, ಬೆನ್ನು ತಿರುಗಿಸಿದ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡಳು. ಇಳಿದು ಓಡಿಹೋಗಿ ಕಾಲು ಹಿಡಿಯಲೇ? ಆದರೂ ಇಳಿಯಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

ಪರಮಣ್ಣ ಬಾನೆಟ್ಟಿಗೆ ಕೈ ಊರಿಕೊಂಡು, ಕುಂಟುತ್ತ ಜೀಪನ್ನು ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕೂತ. ಗೇರಿನ ಕೋಲಿನ ಕಡೆಗೆ ಬೆರಳು ತೋರಿಸಿದ.

“ಕೀಲಿ ಹಾಕೋಕಿಂತ ಮುಂಚೆ ಗೇರು ನ್ಯೂಟ್ರಲ್‌ದಾಗ ಅದನೋ ಇಲ್ಲೋ ನೋಡಬೇಕು,” ಅಂದ. “ನೋಡು.”